ಪರಿಹಾರ ಕ್ಯಾಂಪಿನ ಡ್ಯೂಟಿಗೆ ಹೆಸರು ಕೊಡಬೇಕಾ, ಬೇಡವಾ? ಮಾಡಿದವರು ಸ್ವಲ್ಪ ಹೇಳಿ

ಪೈವಳಿಕೆ ಕ್ಲರ್ಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಒಂದು ಸರಕಾರಿ ಕಚೇರಿಯಲ್ಲಿ ಎಲ್.ಡಿ. ಕ್ಲರ್ಕ್. ಕನ್ನಡ, ಮಲಯಾಳ ಎರಡೂ ಗೊತ್ತಿರುವವರಿಗೆ ಪಿಎಸ್‌ಸಿ ಬೇರೆ ಪರೀಕ್ಷೆ ಮಾಡುತ್ತದಲ್ಲ, ಆ ಪಟ್ಟಿಯಿಂದ ಬಂದವಳು. ಕಂದಾಯ ಇಲಾಖೆಯವಳಲ್ಲ. ನೆರೆಗೂ ನಮ್ಮ ಕಚೇರಿಗೂ ಇರುವ ಸಂಬಂಧ ಇಷ್ಟೇ: ಹೊಳೆ ತುಂಬಿದ ದಿನ ಬಸ್ ಇರುವುದಿಲ್ಲ, ಹಾಜರಿ ಪುಸ್ತಕದಲ್ಲಿ ತಡವಾಗುತ್ತದೆ.

ಈ ಸಲ ಮಳೆಗಾಲಕ್ಕೆ ಮೊದಲೇ ಒಂದು ಫಾರ್ಮ್ ಬಂದಿದೆ. ನೆರೆ, ಗುಡ್ಡ ಕುಸಿತ, ಕಡಲ್ಕೊರೆತ ಏನಾದರೂ ಆದರೆ ಪರಿಹಾರ ಕ್ಯಾಂಪುಗಳಲ್ಲಿ ಕೆಲಸ ಮಾಡಲು ಇಷ್ಟ ಇರುವ ನೌಕರರು ಹೆಸರು ಕೊಡಬೇಕಂತೆ. ಯಾವ ಇಲಾಖೆಯವರೂ ಆಗಬಹುದು. ಹಗಲು ಅಥವಾ ರಾತ್ರಿ, ಯಾವ ತಾಲೂಕು, ಫೋನ್ ನಂಬರ್. ಅಷ್ಟೇ ಕಾಲಂ. ನಮ್ಮ ಕಚೇರಿಯಲ್ಲಿ ಆ ಫಾರ್ಮ್ ಮೇಜಿನಿಂದ ಮೇಜಿಗೆ ಹೋಗುತ್ತಾ ಉಂಟು. ಯಾರೂ ಬರೆಯಲಿಲ್ಲ. ಈಗ ನನ್ನ ಮೇಜಿನಲ್ಲಿದೆ.

ನನಗೆ ಮನಸ್ಸುಂಟು. ಉಪ್ಪಳ ಹೊಳೆ ಉಕ್ಕಿದಾಗ ನಮ್ಮ ಕಡೆಯ ಜನ ಹೇಗೆ ಒದ್ದಾಡುತ್ತಾರೆ ಎಂದು ಸಣ್ಣದರಿಂದ ನೋಡಿದವಳು. ಮುಸೋಡಿಯಲ್ಲಿ ಕಡಲು ಮನೆಗಳನ್ನು ತಿಂದದ್ದೂ ಗೊತ್ತು. ಆದರೆ ಅಲ್ಲಿ ಹೋಗಿ ನಾನು ಎಂತ ಮಾಡುವುದು? ದೋಣಿ ನಡೆಸಲು ಬರುವುದಿಲ್ಲ, ಇಂಜೆಕ್ಷನ್ ಕೊಡಲು ಬರುವುದಿಲ್ಲ. ಮಲಯಾಳ ಮಾತಾಡುತ್ತೇನೆ, ಬರೆಯುತ್ತೇನೆ, ಆದರೆ ಮೈಕಿನಲ್ಲಿ ಹೇಳುವಷ್ಟು ಧೈರ್ಯ ಇಲ್ಲ. ಮನೆಯಲ್ಲಿ ಅತ್ತೆ ಇದ್ದಾರೆ, ಮಗ ಎರಡನೇ ಕ್ಲಾಸ್. ರಾತ್ರಿ ಡ್ಯೂಟಿ ಹೆಂಗಸರಿಗೆ ಹೇಗಿರುತ್ತದೆ? ಒಮ್ಮೆ ಹೆಸರು ಕೊಟ್ಟ ಮೇಲೆ 'ಇವತ್ತು ಆಗುವುದಿಲ್ಲ' ಎನ್ನಬಹುದಾ? ತರಬೇತಿ ಏನಾದರೂ ಕೊಡುತ್ತಾರಾ?

ನಿಜವಾಗಿ ಮಾಡಿದವರು ಹೇಳಿದರೆ ಉಪಕಾರ. ಶುಕ್ರವಾರದ ಒಳಗೆ ಫಾರ್ಮ್ ಕೊಡಬೇಕು.

ಸಂಬಳ ಹಿಡಿದವ:

ಅಕ್ಕಾ, ಕೊಡಬೇಡಿ. ಇದು ನನ್ನ ಅಭಿಪ್ರಾಯ, ಬೈಯಬೇಡಿ.

2018ರ ನೆರೆಗೆ ಒಂದು ತಿಂಗಳ ಸಂಬಳ ಕೇಳಿದರು. ಕೊಡಲು ಇಷ್ಟ ಇಲ್ಲದವರು 'ನಾನು ಕೊಡುವುದಿಲ್ಲ' ಎಂದು ಬರೆದುಕೊಡಬೇಕಂತೆ! ಹೈಕೋರ್ಟ್ ಅದನ್ನು ತಡೆಯಿತು, ಸುಪ್ರೀಂ ಕೋರ್ಟಿಗೆ ಹೋದರೂ ಸರಕಾರಕ್ಕೆ ಗೆಲ್ಲಲಾಗಲಿಲ್ಲ. 2020ರಲ್ಲಿ ಕೋವಿಡ್ ಎಂದು ತಿಂಗಳಿಗೆ ಆರು ದಿನದ ಸಂಬಳ ಐದು ತಿಂಗಳು ಹಿಡಿದಿಟ್ಟರು. 2024ರಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜಾರಿದಾಗ ಐದು ದಿನದ ಸಂಬಳ. ಕೊಟ್ಟೆ, ಕೊಟ್ಟದ್ದಕ್ಕೆ ಬೇಸರ ಇಲ್ಲ. ಆದರೆ ಈಗ ದುಡ್ಡೂ ನಮ್ಮದು, ನಿದ್ದೆಯೂ ನಮ್ಮದು ಎಂದರೆ?

ಇನ್ನೊಂದು. ಒಮ್ಮೆ ಒಂದು ಪಟ್ಟಿಗೆ ಸೇರಿದವರ ಹೆಸರು ಮತ್ತೆ ಎಲ್ಲ ಪಟ್ಟಿಗೂ ಹೋಗುತ್ತದೆ. ಚುನಾವಣೆ, ಗಣತಿ, ಸರ್ವೆ. 'ಅವರು ಬರುತ್ತಾರೆ, ಅವರನ್ನು ಹಾಕಿ' ಎನ್ನುತ್ತಾರೆ. ಬಾರದವ ಆರಾಮವಾಗಿ ಮನೆಯಲ್ಲಿ ಟಿವಿಯಲ್ಲಿ ನೆರೆ ನೋಡುತ್ತಾನೆ.

ಹಳೇ ಡಿ.ಟಿ., ಮಂಜೇಶ್ವರ:

ತಂಗಿ, ಹೆಸರು ಕೊಡಿ. ಮೇಲಿನವರು ಹೇಳಿದ ಕೊನೆಯ ಮಾತು ಸತ್ಯವೇ. ಬರುವವರನ್ನೇ ಕರೆಯುತ್ತಾರೆ. ಆದರೂ ಕೊಡಿ. ನಾನು ಕಂದಾಯ ಇಲಾಖೆಯಲ್ಲಿ ಕ್ಲರ್ಕಾಗಿ ಸೇರಿ ಡೆಪ್ಯೂಟಿ ತಹಶೀಲ್ದಾರನಾಗಿ ನಿವೃತ್ತನಾದವ. ಮಳೆಗಾಲ ಎಂದರೆ ನನಗೆ ಶಾಲೆಯ ಬೀಗದ ಕೈ ಹುಡುಕುವ ಕಾಲ.

ಮೊದಲು ಕಾಗದದ ವಿಷಯ. ಹೆಸರು ಕೊಡುವುದು ನಿಮ್ಮ ಇಷ್ಟ. ಆದೇಶ ಬಂದ ಮೇಲೆ ಅದು ಡ್ಯೂಟಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ವಹಿಸಿದ ಕೆಲಸವನ್ನು ಮೇಲಧಿಕಾರಿಯ ಲಿಖಿತ ಅನುಮತಿ ಅಥವಾ ಸರಿಯಾದ ಕಾರಣ ಇಲ್ಲದೆ ಬಿಟ್ಟುಹೋದ ಅಧಿಕಾರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಹೆದರಬೇಡಿ. ಮಗನಿಗೆ ಜ್ವರ ಬಂದ ತಾಯಿಯನ್ನು ಯಾರೂ ಜೈಲಿಗೆ ಕಳಿಸುವುದಿಲ್ಲ. ಆದರೆ ಫೋನ್ ಸ್ವಿಚ್ ಆಫ್ ಮಾಡಿ ಕೂರಬಾರದು. ಆಗುವುದಿಲ್ಲ ಎಂದಾದರೆ ಒಂದು ಮೆಸೇಜ್ ಬರೆದು ಹಾಕಿ, ಉತ್ತರ ತರಿಸಿಕೊಳ್ಳಿ.

ಅದೇ ರೀತಿ, ಆದೇಶ ಇಲ್ಲದೆ ನೀವೂ ಹೋಗಬೇಡಿ. 'ನೀವು ಹೊರಡಿ, ಆರ್ಡರ್ ಆಮೇಲೆ ಬರುತ್ತದೆ' ಎನ್ನುವವರು ಇರುತ್ತಾರೆ. ವಾಟ್ಸಾಪಿನಲ್ಲಾದರೂ ಸಾಕು. ನಿಮ್ಮ ಹೆಸರು, ಕ್ಯಾಂಪಿನ ಹೆಸರು, ಎಷ್ಟು ಗಂಟೆಯಿಂದ ಎಷ್ಟರವರೆಗೆ. ಮಳೆಯಲ್ಲಿ ಸ್ಕೂಟರಿನಿಂದ ಬಿದ್ದರೆ ಡ್ಯೂಟಿಗೆ ಹೊರಟಿದ್ದೆ ಎಂದು ತೋರಿಸಲು ಬೇರೆ ಏನಿದೆ?

ಇನ್ನು 'ನಾನು ಎಂತ ಮಾಡುವುದು' ಎಂದು ಕೇಳಿದ್ದೀರಿ. 2018ರ ಆಗಸ್ಟಿನಲ್ಲಿ ಇಡೀ ಕೇರಳದಲ್ಲಿ ರೆಡ್ ಅಲರ್ಟ್ ಆದಾಗ ನಮ್ಮದೊಂದು ಜಿಲ್ಲೆ ಅದರಿಂದ ಹೊರಗಿತ್ತು. ಹಾಗಾಗಿ ನಮ್ಮಲ್ಲಿ ಕೆಲವರು ತೆಂಕಕ್ಕೆ, ಚೆಂಗನ್ನೂರು ಕಡೆಗೆ ಹೋದೆವು. ಆ ವರ್ಷ ಒಬ್ಬರ ಸುದ್ದಿ ಎಲ್ಲ ಪೇಪರಿನಲ್ಲಿ ಬಂತು. ದಾದ್ರಾ ನಗರ ಹವೇಲಿಯ ಕಲೆಕ್ಟರಾಗಿದ್ದ ಕಣ್ಣನ್ ಗೋಪಿನಾಥನ್ ತಾನು ಯಾರೆಂದು ಹೇಳದೆ ಬಂದು ಕ್ಯಾಂಪುಗಳಲ್ಲಿ ಮೂಟೆ ಹೊತ್ತಿದ್ದರು. ದೊಡ್ಡ ಮನಸ್ಸು, ನಾನು ಕೈ ಮುಗಿಯುತ್ತೇನೆ. ಆದರೆ ನನ್ನ ಅನುಭವದಲ್ಲಿ ಮೂಟೆ ಹೊರಲು ಊರಿನ ಕ್ಲಬ್ಬಿನ ಹುಡುಗರು ಯಾವಾಗಲೂ ಸಿಗುತ್ತಾರೆ. ರಾತ್ರಿ ಎರಡು ಗಂಟೆಗೆ ಒದ್ದೆ ಸೀರೆಯಲ್ಲಿ ಬಂದ ಒಂಬತ್ತು ಜನರ ಕುಟುಂಬವನ್ನು ಕೂರಿಸಿ, ಚಹಾ ಕೊಟ್ಟು, ತಪ್ಪಿಲ್ಲದೆ ಹೆಸರು ಬರೆಯುವವರು ಸಿಗುವುದಿಲ್ಲ. ಅದಕ್ಕೆ ಬೇಕಾದವರು ಕ್ಲರ್ಕುಗಳೇ.

ಕ್ಯಾಂಪ್ ರಿಜಿಸ್ಟರ್ ಅಂದರೆ ಸುಮ್ನೆ ತಲೆ ಲೆಕ್ಕ ಅಂತ ತಿಳಿಯಬೇಡಿ. ನಾಳೆ ಎಷ್ಟು ಅಕ್ಕಿ ಬೇಕು ಎನ್ನುವುದು ಅದರಲ್ಲಿದೆ. ಯಾರಿಗೆ ಇನ್ಸುಲಿನ್, ಯಾವ ಹುಡುಗಿಗೆ ಎಂಟು ತಿಂಗಳು, ಯಾವ ಮನೆಯವರು ಇನ್ನೂ ಬರಲಿಲ್ಲ, ಎಲ್ಲ ಅಲ್ಲಿಂದಲೇ ಗೊತ್ತಾಗಬೇಕು. 2018ರಲ್ಲಿ ನೆರೆಯಲ್ಲಿ ಸಿಕ್ಕಿದ ಕುಟುಂಬಕ್ಕೆ ಸರಕಾರ ತಕ್ಷಣಕ್ಕೆ 10,000 ರೂಪಾಯಿ ಕೊಟ್ಟಿತಲ್ಲ, ಆಗ ಜಗಳ ಎಲ್ಲ ಹೆಸರಿನದ್ದೇ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಒಂದು, ಕ್ಯಾಂಪಿನ ಪುಸ್ತಕದಲ್ಲಿ ಕರೆಯುವ ಹೆಸರು. ಬಾಬಣ್ಣ ಎಂದು ಬರೆದರೆ ಖಜಾನೆಯವನಿಗೆ ಬಾಬಣ್ಣ ಯಾರು ಎಂದು ಹೇಗೆ ಗೊತ್ತು? ಎರಡೂ ಹೆಸರು ಬರೆಯಿರಿ. ಆದರೆ ಮೊದಲ ರಾತ್ರಿಯೇ ಆಧಾರ್ ಕೇಳಬೇಡಿ. ಆಧಾರ್ ಹೊಳೆಯಲ್ಲಿ ಹೋಗಿರುತ್ತದೆ, ಕೇಳಿದರೆ ಅಳು ಬರುತ್ತದೆ.

ಜಾಗದ ಲೆಕ್ಕವೂ ಕಲಿತಿರಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2016ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ 3.5 ಚದರ ಮೀಟರ್ ಜಾಗ, 30 ಜನರಿಗೆ ಒಂದು ಕಕ್ಕಸು, ಅದೂ ಮಲಗುವ ಜಾಗದಿಂದ 50 ಮೀಟರಿನ ಒಳಗೆ ಎಂದಿದೆ. ನಮ್ಮ ಕ್ಲಾಸ್ ರೂಮ್ 20 ಅಡಿಗೆ 20 ಅಡಿ. ಭಾಗಿಸಿ ನೋಡಿ, ಹತ್ತು ಜನ. ಹನ್ನೊಂದನೆಯವರನ್ನು ಹೊರಗೆ ನಿಲ್ಲಿಸಲು ಆಗುತ್ತದಾ? ಇಲ್ಲ. ಆದರೆ ಲೆಕ್ಕ ತಲೆಯಲ್ಲಿದ್ದರೆ, ಒಂದು ರೂಮಿಗೆ ಮೂವತ್ತು ಜನ ಆಗುವ ಮೊದಲೇ ವಿಲೇಜ್ ಆಫೀಸರಿಗೆ ಫೋನ್ ಮಾಡಿ 'ಇನ್ನೊಂದು ಶಾಲೆ ತೆರೆಯಿರಿ' ಎನ್ನಬಹುದು. ಹೇಳದಿದ್ದರೆ ಯಾರೂ ತೆರೆಯುವುದಿಲ್ಲ.

ಊಟದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಕುಟುಂಬಶ್ರೀ ಸ್ವಸಹಾಯ ಸಂಘದ ಅಕ್ಕಂದಿರು ಬಂದರೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಪಲ್ಯ ಗಂಟೆಗೆ ಸರಿಯಾಗಿ ಆಗುತ್ತದೆ. ತೊಂದರೆ ಬರುವುದು ಹೊರಗಿನ ಬಿರಿಯಾನಿಯಿಂದ. ಒಂದು ಸಂಘದವರು ಮಧ್ಯಾಹ್ನ ತರುತ್ತಾರೆ, ಇನ್ನೊಂದು ಸಂಘದವರು ನಾವೂ ಎಂದು ಸಂಜೆ ತರುತ್ತಾರೆ, ಮಧ್ಯಾಹ್ನದ್ದು ಉಳಿದಿರುತ್ತದೆ, ಮಕ್ಕಳು ಅದನ್ನೇ ರಾತ್ರಿ ತಿನ್ನುತ್ತಾರೆ. ಬೇಯಿಸಿದ್ದು ಬೇಡ, ಅಕ್ಕಿ ಬೇಳೆ ಕೊಡಿ ಎಂದು ಗೇಟಿನಲ್ಲೇ ನಗುನಗುತ್ತಾ ಹೇಳಲು ಒಬ್ಬರು ಬೇಕು. ಹಳೇ ಬಟ್ಟೆಗೂ ಅದೇ ಮಾತು.

ಇಲಿಜ್ವರದ ಮಾತ್ರೆ, ಡಾಕ್ಸಿಸೈಕ್ಲಿನ್, ನೆರೆ ನೀರಿನಲ್ಲಿ ಓಡಾಡಿದವರಿಗೆ ವಾರಕ್ಕೊಮ್ಮೆ ಕೊಡುತ್ತಾರೆ. ನೀವು ಹಂಚಬೇಡಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಬೇರೆ ಕ್ರಮ ಉಂಟು, ಅದು ಆರೋಗ್ಯ ಇಲಾಖೆಯವರ ಕೆಲಸ. ನಿಮ್ಮ ಕೆಲಸ ಅವರ ಪಕ್ಕದಲ್ಲಿ ನಿಲ್ಲುವುದು. ಊಟ ಆದ ಮೇಲೆ ತೆಗೆದುಕೊಳ್ಳಿ ಎಂದು ನರ್ಸ್ ಮಲಯಾಳದಲ್ಲಿ ಹೇಳುತ್ತಾರೆ. ಮೂಲೆಯಲ್ಲಿ ಕೂತ ತುಳು ಅಜ್ಜಿ ತಲೆ ಆಡಿಸುತ್ತಾರೆ. ಅರ್ಥ ಆದದ್ದಲ್ಲ, ಮರ್ಯಾದೆಗೆ. ನೀವು ಹತ್ತಿರ ಕೂತು ತುಳುವಿನಲ್ಲಿ ಹೇಳಬೇಕು. ಮೈಕ್ ಬೇಡವೇ ಬೇಡ.

ನಮ್ಮ ಉತ್ತರದ ಪಂಚಾಯತುಗಳಲ್ಲಿ ಇನ್ನೊಂದು ಗಮನಿಸಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ ಕಡೆ ಎಂಡೋಸಲ್ಫಾನ್‌ ಕೀಟನಾಶಕದಿಂದಾಗಿ ಹಾಸಿಗೆ ಹಿಡಿದ ಮಕ್ಕಳು, ಈಗ ದೊಡ್ಡವರಾಗಿದ್ದಾರೆ, ಇರುವ ಮನೆಗಳುಂಟು. ಅವರನ್ನು ಎತ್ತಿಕೊಂಡೇ ತರಬೇಕು. ನೆಲದಲ್ಲಿ ಚಾಪೆ ಹಾಕಿ ಮಲಗಿಸಲು ಆಗುವುದಿಲ್ಲ, ಗಲಾಟೆಯಲ್ಲಿ ಅವರಿಗೆ ಫಿಟ್ಸ್ ಬರಬಹುದು. ಪಂಚಾಯತಿನ ಪಾಲಿಯೇಟಿವ್ ನರ್ಸಿನ, ಅಂದರೆ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುವ ನರ್ಸಿನ, ಹತ್ತಿರ ಮನೆಮನೆಯ ವಿವರ ಇರುತ್ತದೆ. ಮಳೆ ಶುರುವಾಗುವ ಮೊದಲೇ ಅವರ ನಂಬರ್ ತೆಗೆದಿಡಿ.

ಕೆಂಪುಕಲ್ಲಿನ ಕೋರೆಯ ಶೆಡ್ಡುಗಳಲ್ಲಿರುವ ಉತ್ತರ ಕರ್ನಾಟಕದ ಕೆಲಸಗಾರರನ್ನೂ ಮರೆಯಬೇಡಿ. ರೇಷನ್ ಕಾರ್ಡ್ ಇಲ್ಲಿಯದ್ದಲ್ಲ ಎಂದು ಅವರು ಕ್ಯಾಂಪಿಗೇ ಬರುವುದಿಲ್ಲ. ಬಂದರೂ ಬಾಗಿಲ ಹತ್ತಿರವೇ ನಿಲ್ಲುತ್ತಾರೆ. ಕಾರ್ಡ್ ಇಲ್ಲದಿದ್ದರೂ ಹೆಸರು ಬರೆಯಬಹುದು. ನಿಮ್ಮ ಕನ್ನಡ ಅಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ತರಬೇತಿ? ಕೆಲವು ಕಡೆ ಅರ್ಧ ದಿನ ಕೊಡುತ್ತಾರೆ. ಕೊಡದಿದ್ದರೆ ನಿಮ್ಮ ಊರಿನ ವಿಲೇಜ್ ಆಫೀಸಿಗೆ ಹೋಗಿ ಹಳೆಯ ಕ್ಯಾಂಪಿನ ರಿಜಿಸ್ಟರ್ ತೋರಿಸಿ ಎನ್ನಿ. ಅದನ್ನು ಒಂದು ಗಂಟೆ ಓದಿದರೆ ಸಾಕು.

ಬದಿಯಡ್ಕದ ಟೀಚರ್:

ಡಿ.ಟಿ. ಅವರು ಎಲ್ಲ ಹೇಳಿದರು, ಶಾಲೆಯನ್ನು ಬಿಟ್ಟು! ಬೀಗದ ಕೈ ಹುಡುಕಿದ್ದು ಅವರಿಗೆ ನೆನಪುಂಟು. ಆ ಕೈ ಇರುವುದು ನಮ್ಮ ಹತ್ತಿರ ಸ್ವಾಮೀ.

ನಾನು ಒಂದು ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಹೆಡ್‌ಮಿಸ್ಟ್ರೆಸ್. ಕ್ಯಾಂಪ್ ಯಾವಾಗಲೂ ನಮ್ಮಲ್ಲಿಯೇ. ಟೀಚರುಗಳಿಗೆ ಈ ಕೆಲಸ ಹೊಸತಲ್ಲ. 2020ರಲ್ಲಿ ನಮ್ಮ ಜಿಲ್ಲೆಯಲ್ಲಿ 'ಮಾಷ್' ಎಂಬ ಯೋಜನೆ ಮಾಡಿ ಟೀಚರುಗಳನ್ನು ವಾರ್ಡ್ ವಾರ್ಡಿಗೆ ಕೋವಿಡ್ ಕೆಲಸಕ್ಕೆ ಹಾಕಿದ್ದರು. ಹಾಗಾಗಿ ನಾನು ಹೇಳುವುದನ್ನು ದೂರು ಎಂದು ತಿಳಿಯಬೇಡಿ. ಸ್ವಲ್ಪ ದೂರೂ ಹೌದು.

ಒಂದು ವರ್ಷ ಕ್ಯಾಂಪಿನ ಡ್ಯೂಟಿಗೆ ಬಂದ ಒಬ್ಬರು ಮಧ್ಯಾಹ್ನದೂಟದ ಅಕ್ಕಿಯನ್ನೇ ತೆಗೆದು ಅಡುಗೆಗೆ ಕೊಟ್ಟರು. ಹಸಿದವರಿಗೆ ಕೊಟ್ಟದ್ದು, ಅದಕ್ಕೆ ಬೇಡ ಎನ್ನುವುದು ಹೇಗೆ? ಆದರೆ ಚೀಟಿ ಬರೆಯಲಿಲ್ಲ. ಆಡಿಟಿನವರು ಬಂದಾಗ ಅಕ್ಕಿ ಎಲ್ಲಿ ಎಂದು ನನ್ನನ್ನು ಕೇಳಿದರು. ಆ ಪುಣ್ಯಾತ್ಮರಿಗೆ ಅಷ್ಟರಲ್ಲಿ ವರ್ಗ ಆಗಿತ್ತು. ಒಂದು ಗೆರೆ ಬರೆದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು.

ಕ್ಲರ್ಕ್ ತಂಗಿ, ನಿಮಗೆ ಯಾವ ಶಾಲೆ ಎಂದು ಗೊತ್ತಾದ ಕೂಡಲೇ ಬಿಸಿಲಿರುವ ಒಂದು ದಿನ ಬಂದು ನೋಡಿ ಹೋಗಿ. ಎಲ್.ಪಿ. ಶಾಲೆಯ ಕಕ್ಕಸು ಮಕ್ಕಳ ಅಳತೆಯದ್ದು. ಮೊಣಕಾಲು ನೋವಿನ ಅಜ್ಜ ಅಲ್ಲಿ ಕೂತರೆ ಏಳಲು ಇಬ್ಬರು ಬೇಕು. ಯು.ಪಿ. (ಹಿರಿಯ ಪ್ರಾಥಮಿಕ) ಅಥವಾ ಹೈಸ್ಕೂಲಿನ ಕಟ್ಟಡ ಹತ್ತಿರದಲ್ಲಿದ್ದರೆ ವಯಸ್ಸಾದವರನ್ನು ಅಲ್ಲಿಗೇ ಕಳಿಸಿ. ನಮ್ಮ ಬೆಂಚುಗಳೂ ಗಿಡ್ಡ. ಎರಡು ಸೇರಿಸಿ ಮಂಚ ಮಾಡುತ್ತಾರೆ, ರಾತ್ರಿ ಮಗ್ಗುಲು ಬದಲಿಸಿದರೆ ಸಂದಿಯಲ್ಲಿ ಬೀಳುತ್ತಾರೆ. ನಾಲ್ಕು ಕಾಲುಗಳನ್ನು ಹಗ್ಗದಲ್ಲಿ ಕಟ್ಟಬೇಕು. ಹಗ್ಗ ನೀವೇ ತನ್ನಿ, ಶಾಲೆಯಲ್ಲಿ ಇರುವುದು ಧ್ವಜದ ಹಗ್ಗ ಒಂದೇ.

ಕರೆಂಟ್ ಹೋದರೆ ಮೋಟಾರ್ ಓಡುವುದಿಲ್ಲ. ಟ್ಯಾಂಕಿಯಲ್ಲಿ ಮಕ್ಕಳಿಗೆ ಒಂದು ದಿನಕ್ಕೆ ಸಾಕಾಗುವ ನೀರು ದೊಡ್ಡವರು ಬಂದರೆ ಬೆಳಗ್ಗೆ ಎಂಟು ಗಂಟೆಗೆ ಖಾಲಿ. ಬಾವಿಗೆ ರಾಟೆ, ಹಗ್ಗ, ಕೊಡಪಾನ ಇದೆಯಾ ನೋಡಿ. ಎಷ್ಟೋ ಶಾಲೆಗಳಲ್ಲಿ ಮಕ್ಕಳು ಬೀಳಬಾರದು ಎಂದು ಬಾವಿಗೆ ಕಬ್ಬಿಣದ ಬಲೆ ಹಾಕಿ ಬೀಗ ಹಾಕಿರುತ್ತೇವೆ.

ರಾತ್ರಿ ಹೆಂಗಸರ ವಿಷಯ ಕೇಳಿದ್ದೀರಿ. ಡ್ಯೂಟಿಯಲ್ಲಿ ಒಬ್ಬಳಾದರೂ ಹೆಂಗಸು ಇದ್ದರೆ ಕ್ಯಾಂಪಿನ ಹೆಣ್ಣುಮಕ್ಕಳಿಗೆ ಎಷ್ಟು ಧೈರ್ಯ ಎಂದು ನೀವೇ ನೋಡುತ್ತೀರಿ. ಪ್ಯಾಡ್ ಬೇಕು ಎಂದು ಗಂಡಸರ ಹತ್ತಿರ ಯಾರು ಕೇಳುತ್ತಾರೆ? ಸಂಜೆಯಿಂದ ನೀರು ಕುಡಿಯದೆ ಕೂರುವವರಿದ್ದಾರೆ, ಕತ್ತಲೆಯಲ್ಲಿ ಕಕ್ಕಸಿಗೆ ಹೋಗಬೇಕಲ್ಲ ಎಂದು. ದಾರಿಗೆ ಒಂದು ಎಮರ್ಜೆನ್ಸಿ ಲೈಟ್ ಇಡಿ, ಕಕ್ಕಸಿನ ಒಳಗಿನ ಚಿಲಕ ಸರಿಯಿದೆಯಾ ನೋಡಿ. ಹಾಳಾದ ಚಿಲಕ ಹದಿನೈದು ನಿಮಿಷದ ಕೆಲಸ. ನಾವು ಮಾತ್ರ ಅದಕ್ಕೂ ಪಂಚಾಯತಿಗೆ ಅರ್ಜಿ ಹಾಕುವವರು.

ನೀವೂ 'ನನ್ನನ್ನು ಒಬ್ಬಳೇ ಹೆಂಗಸಾಗಿ ರಾತ್ರಿ ಹಾಕಬೇಡಿ, ಜೊತೆಗೆ ಇನ್ನೊಬ್ಬರು ಬೇಕು' ಎಂದು ಫಾರ್ಮಿನಲ್ಲೇ ಬರೆಯಿರಿ. ನಾಚಿಕೆ ಬೇಡ.

ಪೆರ್ಲದಿಂದ ಸ್ಯಾಕ್ರಮೆಂಟೊ:

ಊರಿನ ಸುದ್ದಿ ಓದಿ ಖುಷಿಯಾಯಿತು. ನಾನು ಪೆರ್ಲದವ, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನನ್ನ ಅತ್ತಿಗೆ ಇಲ್ಲಿ ಕೌಂಟಿ ಆಫೀಸಿನಲ್ಲಿ ಕೆಲಸ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಬಡವರಿಗೆ ಆಹಾರದ ಸಹಾಯಧನ ಮಂಜೂರು ಮಾಡುವ ವಿಭಾಗ. ಅಂದರೆ ಕ್ಲರ್ಕ್ ಅಕ್ಕನ ಹಾಗೆಯೇ, ಫೈಲಿನವರು.

ಇಲ್ಲಿ ಹೆಸರು ಕೊಡುವ ಪ್ರಶ್ನೆಯೇ ಇಲ್ಲ. ಕ್ಯಾಲಿಫೋರ್ನಿಯಾದ ಸರಕಾರಿ ಸಂಹಿತೆಯ 3100ನೇ ಸೆಕ್ಷನ್ ಪ್ರಕಾರ ರಾಜ್ಯ, ಕೌಂಟಿ, ನಗರಸಭೆ, ಸರಕಾರಿ ಶಾಲೆ, ಎಲ್ಲಿ ಕೆಲಸ ಮಾಡಿದರೂ ನೀವು ವಿಪತ್ತು ಸೇವಾ ನೌಕರರು. ಕೆಲಸಕ್ಕೆ ಸೇರುವಾಗಲೇ ಅದಕ್ಕೊಂದು ಪ್ರಮಾಣ ತೆಗೆದುಕೊಳ್ಳಬೇಕು. ಲೈಬ್ರರಿಯಲ್ಲಿ ಪುಸ್ತಕ ಕೊಡುವವರನ್ನೂ ಬೆಂಕಿ ಬಿದ್ದ ದಿನ ಶೆಲ್ಟರಿಗೆ ಕಳಿಸಬಹುದು. ಅದರ ಮೇಲೆ, ದೂರದ ಶೆಲ್ಟರುಗಳಿಗೂ ಬರುತ್ತೇವೆ ಎನ್ನುವವರ ಪಟ್ಟಿ ಬೇರೆ ಮಾಡುತ್ತಾರೆ. ಅದು ಮಾತ್ರ ಅವರವರ ಇಷ್ಟ. ಅತ್ತಿಗೆ ಆ ಪಟ್ಟಿಯಲ್ಲಿದ್ದರು.

2018ರ ನವೆಂಬರ್ 8ಕ್ಕೆ ಬ್ಯೂಟ್ ಕೌಂಟಿಯ ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು. ಕ್ಯಾಂಪ್ ಫೈರ್ ಎಂದು ಅದರ ಹೆಸರು. ಅದು ಬೆಂಕಿ ಹುಟ್ಟಿದ ರಸ್ತೆಯಿಂದ ಬಂದದ್ದು, ನಿಮ್ಮ ಕ್ಯಾಂಪಿಗೂ ಅದಕ್ಕೂ ಸಂಬಂಧ ಇಲ್ಲ. 85 ಜನ ಸತ್ತರು, 18,000ಕ್ಕಿಂತ ಹೆಚ್ಚು ಕಟ್ಟಡಗಳು ಬೂದಿ. ಜನ ಚೀಕೊ ಎಂಬ ಪಕ್ಕದ ಪಟ್ಟಣದ ಚರ್ಚು, ಮೈದಾನ, ಕೊನೆಗೆ ವಾಲ್‌ಮಾರ್ಟಿನ ಪಾರ್ಕಿಂಗಿನಲ್ಲೂ ಮಲಗಿದರು. ಶೆಲ್ಟರುಗಳಲ್ಲಿ ನೊರೊವೈರಸ್ ಹರಡಿತು. ವಾಂತಿ, ಭೇದಿ. ಅಮೆರಿಕದಲ್ಲಿ! ಡಿ.ಟಿ. ಅವರ ಬಿರಿಯಾನಿಯ ಮಾತು ಓದಿದಾಗ ಅದೇ ನೆನಪಾಯಿತು. ಬಾಗಿಲಲ್ಲಿ ನಿಂತು ಎಲ್ಲರ ಕೈ ಸೋಪಿನಲ್ಲಿ ತೊಳೆಸುವುದೇ ಅತ್ತಿಗೆಗೆ ಸಿಕ್ಕಿದ ದೊಡ್ಡ ಕೆಲಸವಂತೆ. ಆ ವೈರಸ್ಸಿಗೆ ಸ್ಯಾನಿಟೈಸರ್ ಸಾಲುವುದಿಲ್ಲ, ಸೋಪು ನೀರೇ ಬೇಕು.

ಅತ್ತಿಗೆಗೆ ನಿಮ್ಮ ಪ್ರಶ್ನೆ ಓದಿ ಹೇಳಿದೆ. ಅವರು ಹೇಳಿದ್ದು ಇಷ್ಟು. ಮೊದಲ ದಿನ ಎಲ್ಲರಿಗೂ ಉಮೇದು, ಕೈಗೊಂದು ಕಾಲಿಗೊಂದು ಜನ. ಒಂದು ವಾರ ಆದ ಮೇಲೆ ಟಿವಿಯವರು ಹೋಗುತ್ತಾರೆ, ಸಂಘದವರು ಹೋಗುತ್ತಾರೆ, ಮನೆಗೆ ಹೋಗಲು ಮನೆಯೇ ಇಲ್ಲದವರು ಉಳಿಯುತ್ತಾರೆ. ಸಂಬಳದ ನೌಕರರು ನಿಜವಾಗಿ ಬೇಕಾಗುವುದು ಆಗ. ಸಾಧ್ಯವಾದರೆ ಎರಡನೇ ವಾರಕ್ಕೆ ಹೆಸರು ಕೊಡಿ ಎಂದರು.

ಇನ್ನೊಂದು ವಿಷಯ. ಇಲ್ಲಿ ನಾಯಿ ಬೆಕ್ಕು ಬಿಟ್ಟು ಬರುವುದಿಲ್ಲ ಎಂದು ಮನೆಯಲ್ಲೇ ಉಳಿದು ಸತ್ತವರಿದ್ದಾರೆ. ಕತ್ರಿನಾ ಚಂಡಮಾರುತದ ನಂತರ, 2006ರಲ್ಲಿ, ಸಾಕುಪ್ರಾಣಿಗಳಿಗೂ ಯೋಜನೆ ಇರಲೇಬೇಕು ಎಂದು ಕಾನೂನೇ ಬಂತು. ನಮ್ಮ ಊರಿನಲ್ಲಿ ದನಗಳ ಗತಿ ಏನು?

ಸಂಬಳ ಹಿಡಿದವ:

ಕ್ಯಾಲಿಫೋರ್ನಿಯಾದವರೇ, ನಿಮ್ಮ ಅತ್ತಿಗೆಗೆ ಓವರ್‌ಟೈಮ್ ಕೊಟ್ಟರಾ ಇಲ್ಲವಾ? ಅದೊಂದು ಹೇಳಿ.

ಪೆರ್ಲದಿಂದ ಸ್ಯಾಕ್ರಮೆಂಟೊ:

ಕೊಟ್ಟರು. ಬಿಲ್ ಪಾಸಾಗಲು ಎಷ್ಟು ಕಾಲ ಹಿಡಿಯಿತು ಎಂದು ಕೇಳಬೇಡಿ, ಅದರಲ್ಲಿ ಎಲ್ಲ ದೇಶಗಳೂ ಒಂದೇ.

ಪೈವಳಿಕೆ ಕ್ಲರ್ಕ್:

ಇಷ್ಟು ಉತ್ತರ ಬರುತ್ತದೆ ಎಂದು ಎಣಿಸಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಟೀಚರೇ, ನೀವು ಹೇಳಿದ್ದನ್ನು ಅತ್ತೆಗೆ ಓದಿ ಹೇಳಿದೆ. 'ಹೋಗು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಹಗ್ಗ ತೆಗೆದುಕೊಂಡು ಹೋಗು' ಎಂದರು.

ಹಗಲು ಎಂದು ಬರೆಯಬೇಕು ಎಂದಿದ್ದೆ. ಈಗ ರಾತ್ರಿ, ಜೊತೆಗೆ ಇನ್ನೊಬ್ಬರು ಹೆಂಗಸು ಇರಬೇಕು ಎಂದು ಬರೆಯುತ್ತಿದ್ದೇನೆ. ನಮ್ಮ ಕಚೇರಿಯ ಇನ್ನೊಬ್ಬಳು ಹಾಗಾದರೆ ನಾನೂ ಬರುತ್ತೇನೆ ಎಂದಳು. ಎರಡನೇ ವಾರದ ಮಾತು ಫಾರ್ಮಿನಲ್ಲಿ ಎಲ್ಲಿ ಬರೆಯುವುದು ಗೊತ್ತಾಗಲಿಲ್ಲ.

ದನಗಳ ಪ್ರಶ್ನೆ ನನ್ನದೂ ಹೌದು. ನಮ್ಮ ಮನೆಯಲ್ಲೇ ಎರಡು ಉಂಟು. ನೀರು ಅಂಗಳಕ್ಕೆ ಬಂದರೂ ನನ್ನ ಅತ್ತೆ ಹಟ್ಟಿ ಬಿಟ್ಟು ಬರುವವರಲ್ಲ. ಅಂಥವರಿಗೆ ಎಂತ ಹೇಳುವುದು, ಡಿ.ಟಿ. ಅಣ್ಣಾ?

ಹಳೇ ಡಿ.ಟಿ., ಮಂಜೇಶ್ವರ:

ಟೀಚರೇ, ಬೀಗದ ಕೈಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಅಕ್ಕಿಯ ಚೀಟಿ ಬರೆಯದವರು ನಮ್ಮ ಇಲಾಖೆಯವರಾಗಿರಲಿಕ್ಕಿಲ್ಲ ಎಂದು ನಂಬಿದ್ದೇನೆ.

ದನಗಳ ವಿಷಯ. 'ಜೀವ ಮುಖ್ಯ, ದನ ಬಿಟ್ಟು ಬನ್ನಿ' ಎಂದರೆ ಯಾರೂ ಬರುವುದಿಲ್ಲ. ಹಾಲು ಹಾಕಿ ಬದುಕುವವರಿಗೆ ದನವೇ ಜೀವ. ಹೊಳೆ ಬದಿಯ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲೇ ಮಾತಾಡಿ ಇಡಬೇಕು, ಗುಡ್ಡೆಯ ಮೇಲಿನ ಯಾರ ಹಟ್ಟಿಯಲ್ಲಿ ಜಾಗ ಉಂಟು ಎಂದು. ಹಾಲಿನ ಸೊಸೈಟಿಯಲ್ಲಿ ಕೇಳಿ. ಯಾರ ಹತ್ತಿರ ಎಷ್ಟು ದನ, ಯಾರ ಹಟ್ಟಿ ದೊಡ್ಡದು ಎಂದು ಅಲ್ಲಿಯ ಕಾರ್ಯದರ್ಶಿಗೆ ಬಾಯಿಪಾಠ ಇರುತ್ತದೆ. ಹೊಳೆಗೆ ಎಚ್ಚರಿಕೆ ಬಂದ ದಿನ ಮೊದಲು ದನ ಹೊಡೆದುಕೊಂಡು ಹೋಗಲಿ, ಆಮೇಲೆ ಜನ ತಾವಾಗಿ ಬರುತ್ತಾರೆ. ಸಾಗಿಸಲು ಹೊತ್ತೇ ಇಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡಬೇಕು. ಕಟ್ಟಿದ ದನ ನಿಂತಲ್ಲೇ ಮುಳುಗುತ್ತದೆ, ಬಿಟ್ಟದ್ದು ಈಜಿ ಎಲ್ಲಾದರೂ ದಡ ಸೇರುತ್ತದೆ. ಇದನ್ನು ನಿಮ್ಮ ಅತ್ತೆಗೂ ಹೇಳಿ, ಅವರಿಗೆ ಗೊತ್ತಿರುತ್ತದೆ.

ಕ್ಯಾಂಪಿನ ಪುಸ್ತಕದಲ್ಲಿ ಕೊನೆಯ ಕಾಲಂ ಷರಾ ಎಂದು ಇರುತ್ತದೆ. ಅದರಲ್ಲಿ ಎಷ್ಟು ದನ, ಎಲ್ಲಿ ಬಿಟ್ಟಿದ್ದಾರೆ ಎಂದು ಬರೆದಿಡಿ. ಮರುದಿನ ಪಶು ಆಸ್ಪತ್ರೆಯವರಿಗೂ ಬೇಕು, ದನ ಸತ್ತರೆ ಪರಿಹಾರದ ಅರ್ಜಿಗೂ ಬೇಕು. ಕೋಳಿ, ಆಡು ಕೂಡ. ಬೆಳಗ್ಗೆ ಹಾಲು ಕರೆಯಲು ಹೋಗುತ್ತೇವೆ ಎನ್ನುವವರನ್ನು ತಡೆಯಬೇಡಿ, ಆದರೆ ಹೊರಗೆ ಹೋದ ಹೊತ್ತು, ಬಂದ ಹೊತ್ತು ಬರೆಯಿಸಿ. ಹೋದವರು ಬಾರದಿದ್ದರೆ ಜಿಲ್ಲಾ ಕಂಟ್ರೋಲ್ ರೂಮಿಗೆ, 1077ಕ್ಕೆ, ಕೂಡಲೇ ಫೋನ್.

ಎರಡನೇ ವಾರಕ್ಕೆ ಬರುತ್ತೇನೆ ಎನ್ನುವುದನ್ನು ಫಾರ್ಮಿನ ಕೆಳಗೆ ಕೈಯಲ್ಲೇ ಬರೆಯಿರಿ. ಅದರ ಪಕ್ಕದಲ್ಲಿ ಕನ್ನಡ, ತುಳು, ಮಲಯಾಳ ಬರುತ್ತದೆ ಎಂದೂ ಸೇರಿಸಿ, ಇಲ್ಲದಿದ್ದರೆ ನಿಮ್ಮನ್ನು ತೆಂಕಿನ ಮಲಯಾಳ ಊರಾದ ಚೆರುವತ್ತೂರಿಗೆ ಹಾಕಿ ಅಲ್ಲಿಯವರನ್ನು ಪೈವಳಿಕೆಗೆ ಹಾಕುತ್ತಾರೆ. ಸಹಿ ಮಾಡಿದ ಮೇಲೆ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.